ಟೆರೋವಿಯಲ್ಲಿ ಇಳಿದ ಪೆಟ್ಟಿಗೆ

ಟೆರೋವಿ ರೈಲು ನಿಲ್ದಾಣ,
ದಕ್ಷಿಣ ಆಸ್ಟ್ರೇಲಿಯಾ
11 ಮಾರ್ಚ್ 1926

ಪ್ರೀತಿಯ ಲೆಸ್ಲಿ,

ನಿನ್ನ ಬೆನ್ನುನೋವು ಹೇಗಿದೆ? ಸೊಸೆ ಐಡಾಳಿಗೆ ನಿದ್ದೆ ಬರುತ್ತಿದೆಯೇ, ಮಗುವಿಗೆ ಹಲ್ಲು ಬಂತೇ? ನಾನು ಆರಾಮ. ಮಂಡಿ ಮಾತ್ರ ಮಳೆ ಬರುತ್ತದೆಂದು ದಿನವೂ ಸುಳ್ಳು ಹೇಳುತ್ತದೆ. ಈ ಊರಿಗೆ ಬರುವುದು ಧೂಳೊಂದೇ. ಪರ್ತ್ ನಿಲ್ದಾಣಕ್ಕೆ ನನಗಾಗಿ ಹೋಗಬೇಡವೆಂದು ಕಳಿಸಿದ ತಂತಿ ಸಿಕ್ಕಿರಬೇಕು. ಕಾರಣ ಬರೆಯಲಿಲ್ಲ, ಅವರು ಪದಕ್ಕಿಷ್ಟು ದುಡ್ಡು ಕೇಳುತ್ತಾರೆ.

ನಿಮ್ಮಪ್ಪ ಹೋದಮೇಲೆ ನೀನೂ ಕ್ಲೈವನೂ ಪತ್ರದಲ್ಲೇ ನನ್ನನ್ನು ಹಂಚಿಕೊಂಡಿರಿ: ಬೇಸಿಗೆ ಸಿಡ್ನಿಯಲ್ಲಿ ಅಣ್ಣನ ಮನೆ, ಚಳಿಗಾಲ ಪರ್ತ್‌ನಲ್ಲಿ ತಮ್ಮನ ಮನೆ. ನಾನು ನಡೆಸುತ್ತಿದ್ದ ಊಟ-ವಸತಿಯ ಮನೆಯನ್ನು ನೀವಿಬ್ಬರೂ ಬೇರೆಯವರಿಗೆ ಬಿಟ್ಟುಕೊಟ್ಟ ಸುದ್ದಿ ನನಗೆ ತಿಳಿದದ್ದು ಹಾಲಿನವನಿಂದ. ಹೊರಡುವ ದಿನ ಕ್ಲೈವ್ ನನ್ನ ಪೆಟ್ಟಿಗೆಗೆ ನಿನ್ನ ವಿಳಾಸ ಅಂಟಿಸಿದ. ಅಂಟು ಉಳಿದಿದ್ದರೆ ನನ್ನ ಹಣೆಗೂ ಒಂದು ಅಂಟಿಸುತ್ತಿದ್ದನೇನೋ.

ರಾಜ್ಯದ ಗಡಿಯ ಆಲ್ಬರಿಯಲ್ಲಿ ನಸುಕಿಗೇ ಎಬ್ಬಿಸಿ ಇಳಿಸಿದರು. ಒಂದೊಂದು ರಾಜ್ಯದವರು ತಮ್ಮ ಮರ್ಜಿಯ ಅಗಲಕ್ಕೆ ಹಳಿ ಹಾಸಿಕೊಂಡು ಕೂತಿದ್ದಾರೆ. ಒಬ್ಬರ ರೈಲು ಇನ್ನೊಬ್ಬರ ಅಂಗಳಕ್ಕೆ ಕಾಲಿಡದು. ಅಗಲ ಹಳಿಗೆ ಅಹಂಕಾರ, ಕಿರು ಹಳಿಗೆ ಕಿರಿಕಿರಿ, ನಡುವೆ ನಮ್ಮ ಮೈಕೈ ಪುಡಿಪುಡಿ. ಮೆಲ್ಬರ್ನ್, ಅಡಿಲೇಡ್ ದಾಟಿ ಇಲ್ಲಿಗೆ ಬಂದರೆ ಮತ್ತೆ ಅದೇ ಹಾಡು: ಅಗಲದ್ದರಿಂದ ಇಳಿ, ಕಿರಿದಕ್ಕೆ ಹತ್ತು. ಮುಂದೆ ಪೋರ್ಟ್ ಆಗಸ್ಟಾ, ಕಾಲ್ಗೂರ್ಲಿಯಲ್ಲೂ ಹೀಗೇ ಅಂತೆ.

ಇಳಿದವರೆಲ್ಲ ಚಹಾದ ಕೋಣೆಗೆ ನುಗ್ಗಿದರು. ಅದನ್ನು ನಡೆಸುವ ಮಿಸೆಸ್ ಟ್ರೆಂಬಾತ್ ಒಬ್ಬಳೇ, ಒಂದು ಕೈಯಲ್ಲಿ ಕೆಟಲ್, ಇನ್ನೊಂದರಲ್ಲಿ ಮಾಂಸದ ಪೈ ತುಂಬಿದ ತಟ್ಟೆ. ಸಹಾಯದ ಹುಡುಗಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನನ್ನು ಮದುವೆಯಾಗಿ ಹೋಗಿದ್ದಳು. ಯಾವನೋ ವ್ಯಾಪಾರಿ, “ಏನಮ್ಮಾ, ಚಹಾ ಇಲ್ಲೇ ಕೊಡ್ತೀಯೋ, ಪರ್ತ್‌ಗೆ ಕಳಿಸ್ತೀಯೋ?” ಎಂದು ಕೂಗಿದ. ನನಗೆ ತಡೆಯಲಾಗಲಿಲ್ಲ. ಗಲ್ಲಾದ ಹಿಂದೆ ಹೋಗಿ ಕೆಟಲ್ ಕಸಿದುಕೊಂಡೆ. “ಸಾಲಲ್ಲಿ ನಿಲ್ಲಪ್ಪ, ಇಲ್ಲಾಂದ್ರೆ ನಲ್ಲಿ ನೀರು ಕುಡಿ.”

“ಯಾರಮ್ಮ ನೀವು?” ಎಂದಳು ಟ್ರೆಂಬಾತ್.

“ಚಹಾ ಸಿಗದೇ ಇರೋಳು.”

“ಹಾಗಾದ್ರೆ ಆ ಕಪ್ಪುಗಳನ್ನ ತೊಳೀರಿ.”

ಲೆಸ್ಲಿ, ಈ ಬೇಸಿಗೆಯಿಡೀ ನನಗೆ ಯಾರೂ ಒಂದು ಕೆಲಸ ಹೇಳಿರಲಿಲ್ಲ. ಕ್ಲೈವನ ಹೆಂಡತಿ ಒಳ್ಳೆಯವಳೇ. ನಾನು ಪಾತ್ರೆ ಮುಟ್ಟಿದರೆ ಸಾಕು, “ಕೂತ್ಕೊಳ್ಳಿ ಅತ್ತೆ” ಎಂದು ಕಸಿದುಕೊಳ್ಳುತ್ತಿದ್ದಳು. ಕೂತು ಕೂತು ನಾನು ಕುರ್ಚಿಯ ಕಾಲೇ ಆಗಿಬಿಟ್ಟಿದ್ದೆ. ಇಲ್ಲಿ ಅಂಗಿಯ ತೋಳು ಮಡಚಿ ಕಪ್ಪು ತೊಳೆದೆ, ಚಹಾ ಸುರಿದೆ, ಆ ವ್ಯಾಪಾರಿಗೆ ಕೊನೆಗೆ ಕೊಟ್ಟೆ. ಎಲ್ಲರೂ ಓಡಿಹೋಗಿ ಹತ್ತಿದಾಗ ನಾನು ಪ್ಲಾಟ್‌ಫಾರ್ಮಿಗೆ ಹೋಗಿ ಹಮಾಲ ಡೂಲನ್‌ಗೆ ನನ್ನ ಪೆಟ್ಟಿಗೆ ಇಳಿಸಲು ಹೇಳಿದೆ.

“ತಾಯಿ, ಬೆನ್ನು ಮುರ್ಕೊಂಡು ಈಗಷ್ಟೇ ಹತ್ತಿಸಿದೀನಿ.”

“ಹಾಗಾದ್ರೆ ಎಲ್ಲಿಟ್ಟಿದೀಯ ಅಂತ ಗೊತ್ತಿರತ್ತೆ. ಇಳಿಸು.”

“ಈ ಊರಲ್ಲಿ ಇಳಿಯೋರುಂಟು, ಉಳಿಯೋರಿಲ್ಲಮ್ಮ.”

ರೈಲು ಕೂಗಿತು, ಹೊರಟಿತು. ಅಳು ಬರಬಹುದೆಂದು ಕಾದು ನಿಂತೆ. ಬರಲಿಲ್ಲ. ಹಸಿವಾಯಿತು, ಪೈ ತಿಂದೆ.

ಕ್ಲೈವನಿಗೂ ಬರೆದಿದ್ದೇನೆ. ಇಬ್ಬರೂ ಸೇರಿ ನನ್ನನ್ನು ಬೈದುಕೊಳ್ಳಿ, ಅಷ್ಟಾದರೂ ಒಗ್ಗಟ್ಟು ಬರಲಿ. ನಿನ್ನ ಬೆನ್ನು ನೆಟ್ಟಗಿರಲಿ, ಐಡಾಳ ನಿದ್ದೆ ಗಟ್ಟಿಯಿರಲಿ, ಮಗುವಿಗೆ ಅಜ್ಜಿಯ ಮುತ್ತು.

ನಿನ್ನ ಅಮ್ಮ
(ಇಲ್ಲಿಯವರಿಗೆ ಮಿಸೆಸ್ ಹೋಸ್ಕಿಂಗ್)

ತಾ.ಕ.: ಡೂಲನ್ ಅಂಚೆಚೀಲ ಹಿಡಿದು ಬಾಗಿಲಲ್ಲಿ ಗೊಣಗುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಮುಂದಿನ ವಾರದ ರೈಲಿಗೂ ನಾನು ಬರುವುದಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಆ ಹುಡುಗಿಯ ಕೆಲಸ, ಅವಳಿದ್ದ ಕೋಣೆ ಎರಡೂ ಈಗ ನನ್ನವು. ಕರೆದೊಯ್ಯಲು ಬರಬೇಡ. ನೋಡಲು ಬಾ, ಐಡಾ, ಮಗು ಇಬ್ಬರನ್ನೂ ಕರೆದುಕೊಂಡು. ಇನ್ನೊಂದು ಮಂಚ ಹಾಕಿಸುತ್ತೇನೆ. ಕೋಣೆಯ ಬಾಡಿಗೆ ಕಟ್ಟುವವಳು ನಾನು, ಹಾಗಾಗಿ ನೀವು ಎಷ್ಟು ದಿನ ಇರಬೇಕೆಂದು ಹೇಳುವವಳೂ ನಾನೇ.