ಹೋಶಿಯಾರ್ ಎಂದ ಹುಡುಗನ ವರ್ಗಾವಣೆ

ಕಲ್ಯಾಣಿ,
ಆಗಸ್ಟ್ ೧೯೪೯

ಹುಮನಾಬಾದ ಶಾಲೆಯ ಹೆಡ್‌ಮಾಸ್ತರರೂ ನನ್ನ ಹಳೆಯ ಗೆಳೆಯರೂ ಆದ ಮಾಣಿಕರಾಯರಿಗೆ ಕಲ್ಯಾಣಿ ಶಾಲೆಯ ಹೆಡ್‌ಮಾಸ್ತರ ದಸ್ತಗೀರನ ಸಲಾಮು.

ನಮ್ಮ ನಾಲ್ಕನೆಯ ಇಯತ್ತೆಯ ಮಚ್ಚೇಂದ್ರನನ್ನು ನೀವು ಸೇರಿಸಿಕೊಳ್ಳಬೇಕು. ಮುಚ್ಚಿಡುವುದಿಲ್ಲ, ಅವನ ಮೇಲೆ ದೂರಿದೆ. ನಮ್ಮ ಡ್ರಿಲ್ ಮಾಸ್ತರರ ದನಿಯನ್ನು ಥೇಟ್ ಅವರಂತೆಯೇ ತೆಗೆಯುತ್ತಾನೆ. ಹೋದ ವಾರ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಚಹಾ ಕುಡಿಯುತ್ತಿದ್ದಾಗ ಕಿಟಕಿಯಾಚೆಯಿಂದ ಅದೇ ದನಿಯಲ್ಲಿ "ಹೋಶಿಯಾರ್!" ಎಂದು ನೆಟ್ಟಗೆ ನಿಲ್ಲುವ ಡ್ರಿಲ್ ಹುಕುಂ ಕೂಗಿದ. ಇಡೀ ಶಾಲೆ ಎದ್ದು ನೆಟ್ಟಗೆ ನಿಂತಿತು. ಸಾಹೇಬರೂ ನಿಂತರು. ಚಹಾ ಅವರ ಬಿಳಿ ಶೇರವಾನಿಯ ಮೇಲೆ ಚೆಲ್ಲಿತು. ನಾನು ನಗು ತಡೆಯಲು ಮೀಸೆ ಕಚ್ಚಿಕೊಂಡೆ.

ಶನಿವಾರದೊಳಗೆ ಶಾಲೆಯ ದಾಖಲೆಯಿಂದ ಅವನ ಹೆಸರು ಹೊಡೆದುಹಾಕಬೇಕೆಂದು ಸಾಹೇಬರ ಹುಕುಂ. ಹಾಗೆ ಹೊಡೆದರೆ ಮುಂದೆ ಯಾವ ಶಾಲೆಯೂ ಅವನನ್ನು ಸೇರಿಸಿಕೊಳ್ಳದು. ತಾಯಿ ಸೋನುಬಾಯಿ ಕೂಲಿ ಬಿಟ್ಟು ನನ್ನ ಹತ್ತಿರ ಓಡಿಬಂದಳು. "ಹೆಸರು ಹೊಡೀಬ್ಯಾಡ್ರಿ ಸಾಹೇಬ್ರ, ನಾವಾಗೇ ಬಿಟ್ಟು ಹೋಗ್ತೀವ್ರಿ. ಹುಮನಾಬಾದದಾಗ ನಮ್ಮಣ್ಣ ಅದಾನ್ರಿ" ಎಂದಳು. ಅವಳ ಮಾತಿನ ಮೇಲೆಯೇ, ತಾನಾಗಿಯೇ ಶಾಲೆ ಬಿಟ್ಟಿದ್ದಾನೆ, ನಡತೆ ಚೆನ್ನಾಗಿದೆ ಎಂದು ಬರೆದು ವರ್ಗಾವಣೆ ಸರ್ಟಿಫಿಕೇಟು ಕೊಟ್ಟಿದ್ದೇನೆ. ಡ್ರಿಲ್ ಮಾಸ್ತರರು ಹುಡುಗನ ಬೆನ್ನು ತಟ್ಟಿ, "ನನಕಿಂತ ಚಲೋ ಒದರ್ತಾನ್ರಿ" ಎಂದು ಕಣ್ಣೊರೆಸಿಕೊಂಡರು.

ಸೋಮವಾರ ಸೋದರಮಾವನ ಜೊತೆ ಬರುತ್ತಾನೆ. ಪಾಟಿ ಒಡೆದಿದೆ, ಒಂದು ಹೊಸದು ಕೊಡಿಸಿ. ಮುಂದಿನ ಸಾಲಿನಲ್ಲಿ ಕೂರಿಸಿ. ಬೈಯಬೇಕಾದರೆ ಊಟವಾದ ಮೇಲೆ ಬೈಯಿರಿ.

ಡ್ರಿಲ್ ಮಾಸ್ತರರನ್ನು ಕೊಡಿ ಎಂದು ಇಲಾಖೆಗೆ ಬರೆದು ಬರೆದು ನಿಮಗೆ ಬೇಸರ ಬಂದಿತ್ತಲ್ಲವೆ? ಕಳಿಸುತ್ತಿದ್ದೇನೆ, ಬರಮಾಡಿಕೊಳ್ಳಿ.

ನಿಮ್ಮವನೇ ಆದ
ದಸ್ತಗೀರ