ಒಸ್ತಾಪ್‌ಗೆ ತೆಗೆದ ದೃಷ್ಟಿ

ಮಾರ್ಚ್ 7, ಶನಿವಾರ

ಅಕ್ಕುವಿನ ಬ್ಯಾಗಿಗೆ ಬೂಟು, ನೀರು, ಬಾಳೆಹಣ್ಣು. ಸೈಕಲ್ಲಿನಲ್ಲಿ ಮೈದಾನಕ್ಕೆ. ಹಾಲೆಂಡಿನ ಈ ಹೂಫ್‌ಡಾರ್ಪಿನ ಗಾಳಿ ಎಂದಿನಂತೆ ಎದುರಿಗೇ. ಮಗಳಿಗೆ ಡಿಫೆನ್ಸ್ ಕಲಿಸಿದವನು ನಾನು — ಉಡುಪಿಯಲ್ಲಿ ಕಾಲೇಜು ಫುಟ್‌ಬಾಲ್ ಟೀಮಿನ ಡಿಫೆಂಡರ್. ಇವತ್ತೂ ಹೇಳಿದೆ, "ಬಾಲ್ ಬಂದ ಕೂಡಲೇ ಜೋರಾಗಿ ಹೊಡಿ."

"ಇಲ್ಲ ಅಪ್ಪ. ಒಸ್ತಾಪ್ ಹಾಗೆ ಮಾಡಲ್ಲ. ಫಸ್ಟ್ ನೋಡ್ಬೇಕು."

ಒಸ್ತಾಪ್ — ಉಕ್ರೇನಿನವನು, ಪ್ರೊಫೆಷನಲ್ ಡಿಫೆಂಡರ್. ನಮ್ಮ ಕಟ್ಟಡದಲ್ಲೇ, ಮೂರನೇ ಮಹಡಿ. ಗೋಲು ಹೊಡೆಯುವವನೂ ಅಲ್ಲ. ಆದರೂ ಅವನು ಬೇಲಿ ಹತ್ತಿರ ನಿಂತರೆ ಸಾಕು, ಮಕ್ಕಳ ಆಟ ಬಿಟ್ಟು ಅಪ್ಪಂದಿರೆಲ್ಲ ಫೋನು ಹಿಡಿದು ಅತ್ತ ಓಡುತ್ತಾರೆ. ನಾನು ಹೋಗಲಿಲ್ಲ. ಬಾಳೆಹಣ್ಣು ತಿಂದೆ.

ಮಾರ್ಚ್ 10

ಆಫೀಸಿನಲ್ಲಿ ಕಿರಣ್ — "ಏನ್ ಗುರು, ಒಸ್ತಾಪ್ ನಿಮ್ ಬಿಲ್ಡಿಂಗಾ? ಹೇಳೇ ಇಲ್ವಲ್ಲೋ. ಒಂದ್ ಜೆರ್ಸಿ ಸೈನ್ ಮಾಡಿಸ್ಕೊಡು."

ಇಷ್ಟು ವರ್ಷ ನನ್ನ ಮನೆ ಎಲ್ಲಿ ಎಂದು ಕೇಳಿದವನಲ್ಲ. ಹೊಟ್ಟೆ ಉರಿಯಿತು. ಹೌದು, ಉರಿಯಿತು. ಇಲ್ಲೂ ಸುಳ್ಳು ಬರೆದು ಏನು...

ಮಾರ್ಚ್ 15, ಭಾನುವಾರ

ಅಕ್ಕು ಒಸ್ತಾಪ್‌ನನ್ನು ಊಟಕ್ಕೇ ಕರೆತಂದಳು. ಕೂರಿಸಿದ್ದು ನನ್ನ ಕುರ್ಚಿಯಲ್ಲಿ. ಸಂಪ್ರೀತಾ ಹೊಸ ಕುರ್ತಾ ಹಾಕಿಕೊಂಡು ನೀರುದೋಸೆ ಬಡಿಸಿದಳು — ನನ್ನ ಹೆಂಡತಿ, ಭಾನುವಾರ ನೈಟಿ ಬಿಡದವಳು. ಊರಿನಿಂದ ಬಂದಿರುವ ಅಮ್ಮನೂ ಅವನ ಪಕ್ಷವೇ.

"ಪಾಪ, ಎಷ್ಟು ಜನರ ಕಣ್ಣು ಬೀಳ್ತದೋ ಇವನ ಮೇಲೆ" ಎಂದು ಉಪ್ಪು, ಒಣಮೆಣಸು ಹಿಡಿದು ನಿವಾಳಿಸಿದಳು. ಅಷ್ಟೆತ್ತರದ ಆಳು ತಲೆ ತಗ್ಗಿಸಿ ಕೂತ. ಮೆಣಸು ಕಾದ ಕಾವಲಿಗೆ ಬಿತ್ತು. ಘಾಟು ಬಾರದಿದ್ದರೆ ದೃಷ್ಟಿ ತಗುಲಿದೆ, ಬಂದರೆ ಇಲ್ಲ — ಅಮ್ಮನ ಲೆಕ್ಕ. ನಾನು ತಲೆ ಎತ್ತಲಿಲ್ಲ.

ಘಾಟೆಂದರೆ ಘಾಟು. ಎಲ್ಲರಿಗೂ ಕೆಮ್ಮು, ಸ್ಮೋಕ್ ಅಲಾರ್ಮಿನ ಬೊಬ್ಬೆ. "ಇವನಿಗೆ ಎಂತದೂ ಆಗ್ಲಿಲ್ಲ" ಎಂದು ಅಮ್ಮ ನಕ್ಕಳು. ಇಷ್ಟು ದಿನದ ನನ್ನ ಹೊಟ್ಟೆಕಿಚ್ಚಿಗೆ ಅಷ್ಟೂ ಬೆಲೆಯಿಲ್ಲ.

"ಅಜ್ಜಿ, ಅಪ್ಪಂಗೂ ತೆಗಿ" ಅಂದಳು ಅಕ್ಕು.

"ನಿನ್ನ ಅಪ್ಪನ ಮೇಲೆ ಯಾರ ಕಣ್ಣು ಬೀಳ್ತದೆ ಮಗಾ?"

ಎಲ್ಲರೂ ನಕ್ಕರು. ಭಾಷೆ ತಿಳಿಯದ ಅವನೂ.

ಮಾರ್ಚ್ 28, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಅದೇ ಉರಿ.

ಬೆಳಗ್ಗೆ ಮ್ಯಾಚ್. ಅಕ್ಕುವಿನ ಟೀಮು ಸೋತಿತು. ಅಳುತ್ತ ಬಂದಳು. ಒಸ್ತಾಪ್ ಬೇಲಿ ಬಳಿ ಕೈ ಚಾಚಿದ್ದ. ಅವನನ್ನು ದಾಟಿ ಓಡಿಬಂದು ನನ್ನ ಜಾಕೆಟ್ಟಿಗೆ ಮೂಗು ಒರೆಸಿದಳು. ಕೆಸರಿನ ಬೂಟಿನ ಸಮೇತ ಬೆನ್ನಿಗೆ ಹತ್ತಿಸಿಕೊಂಡೆ.

ಒಸ್ತಾಪ್ ನೋಡುತ್ತಲೇ ನಿಂತಿದ್ದ. ಸೆಲ್ಫಿ ಕೇಳಿದವರ ಕಡೆಗೂ ತಿರುಗಲಿಲ್ಲ. ಆಮೇಲೆ ತನ್ನ ಫೋನು ತೋರಿಸಿದ. ಅದರಲ್ಲಿ ಅಕ್ಕುವಿನ ವಯಸ್ಸಿನ ಹುಡುಗಿಯ ಫೋಟೋ. "ಮೈ ಡಾಟರ್. ಲ್ವೀವ್. ಓನ್ಲಿ ಫೋನ್." ಉಕ್ರೇನಿನಲ್ಲಿ ಅವನ ಊರದು. ಫೋನು ಜೇಬಿಗಿಟ್ಟು ಕೇಳಿದ, "ಯು... ಎವ್ರಿ ಸಾಟರ್ಡೇ, ವಿತ್ ಹರ್?"

ಹೌದು ಅಂದೆ.

ಮಧ್ಯಾಹ್ನ ತಲೆನೋವು. ಅಮ್ಮ ನಿವಾಳಿಸಿಯೇ ಸಿದ್ಧ ಎಂದಳು. ನಾನೇ ಮುಂಚಿತವಾಗಿ ಅಲಾರ್ಮಿನ ಬ್ಯಾಟರಿ ತೆಗೆದಿಟ್ಟು ಕಿಟಕಿ ತೆರೆಯಲು ನಿಂತೆ. ಬೇಕಾಗಲಿಲ್ಲ. ಮೆಣಸು ಕರಕಲಾಯಿತು, ಯಾರೂ ಕೆಮ್ಮಲಿಲ್ಲ.

ಅಮ್ಮ ನನ್ನ ಮುಖ ನೋಡಿದಳು. "ನಿನ್ನ ಮೇಲೆ ಭಾರೀ ದೃಷ್ಟಿ ಉಂಟಲ್ಲ ಮಾರಾಯ. ಯಾರದ್ದು?"

ಬೇಲಿ ಬಳಿ ನೋಡುತ್ತ ನಿಂತವನನ್ನು ನೆನೆದು, ಬ್ಯಾಟರಿಯನ್ನು ಅಲಾರ್ಮಿಗೆ ಮರಳಿ ಹಾಕಿದೆ.

ಅಕ್ಕು ಬಾಲ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಇಳಿಯುವಾಗ ಮೂರನೇ ಮಹಡಿಯಲ್ಲಿ ಒಮ್ಮೆ ಬೆಲ್ ಒತ್ತಿ, ಅವನನ್ನೂ ಆಟಕ್ಕೆ ಕರೆಯಬೇಕು.