ಬೀಗರ ಹೆಸರಿನ ಮೇಲೆ ಕೂತಿದ್ದು

ತಂಗೀ, ಏರ್‌ಪೋರ್ಟ್ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಬಯ್ಯಬೇಡ. ಮಗಳ ಮಾವ ಬರುವವರಿದ್ದರು. "ನಿಮಗ್ಯಾಕಪ್ಪಾ, ಟ್ಯಾಕ್ಸಿ ಕಳಿಸ್ತೀನಿ" ಎಂದಳು ಮಗಳು. ನಾನಿನ್ನೂ ಕೆಲಸಕ್ಕೆ ಬರುತ್ತೇನೆಂದು ತೋರಿಸಬೇಕಲ್ಲ, "ಐ ಶಲ್ ರಿಸೀವ್ ಹಿಮ್" ಎಂದು ಹೊರಟೆ. ಮೂರು ಬಸ್ಸು ಬದಲಿಸಿ ಸೋತು ಸುಣ್ಣವಾದೆ. ಮದುವೆಯಲ್ಲಿ ನೋಡಿದ್ದ ಬೀಗರ ಮೀಸೆಯೊಂದೇ ನೆನಪು, ಅದಕ್ಕೇ ರಟ್ಟಿನ ಮೇಲೆ ಅವರ ಹೆಸರು ಬರೆದೊಯ್ದಿದ್ದೆ. ಅಲ್ಲಿ ಕಬ್ಬಿಣದ ಬೆಂಚು ಕೊರೆಯುತ್ತಿತ್ತು. ರಟ್ಟನ್ನೇ ಹಾಸಿಕೊಂಡು ಕೂತೆ. ಪಕ್ಕದಲ್ಲೊಬ್ಬರು ಗಡ್ಡದ ಮುದುಕರು ಬಂದು ಕೂತರು. ಎರಡು ಗಂಟೆ ಮಂಡಿನೋವಿನ ಮಾತಾಡಿದೆವು.

"ನಮ್ ಬೀಗ್ರು ಬರ್ತೀನಿ ಅಂದಿದ್ರು, ಎಲ್ಲಿ ಗೊರಕೆ ಹೊಡೀತಿದಾರೋ" ಎಂದರು.

"ಬೀಗ್ರೇ ಹಾಗೆ ಬಿಡಿ" ಎಂದೆ ನಾನೂ.

ನೀರು ಕುಡಿಯಲು ಎದ್ದೆ. ಅವರ ಕಣ್ಣು ರಟ್ಟಿನ ಮೇಲೆ ಬಿತ್ತು. "ಏನ್ರೀ, ನನ್ ಹೆಸರಿನ ಮೇಲೇ ಕೂತಿದ್ರಲ್ರೀ!"

ನಿನ್ನ ಅತ್ತಿಗೆ ಇದ್ದಿದ್ದರೆ ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದಳು. ಮುಖಗಳೆಲ್ಲ ಅವಳ ಡಿಪಾರ್ಟ್‌ಮೆಂಟ್. ಮನೆಯಲ್ಲಿ ವಿಮಾನ ಲೇಟಾಯಿತೆಂದು ಹೇಳಲು ನಾನೂ ಬೀಗರೂ ಮಾತಾಡಿಕೊಂಡಿದ್ದೇವೆ. ಮಗಳಿಗೆ ಕಾಗದ ಬರೆಯುವಾಗ ನೀನೂ ಬಾಯಿಬಿಡಬೇಡ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಬೀಗರು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಾರೆ. ಸ್ಟಾಪು ಬಂತು, ಈ ಸಲವಾದರೂ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಣ್ಣ